ಮೂವತ್ತಾರು ಏನು?

ಬರಿಗೈಯಲ್ಲಿದ್ದರೂ ಅವನು ಬಾಗಿಲನ್ನು ಅಡ್ಡ ತಿರುಗಿಯೇ ದಾಟುತ್ತಿದ್ದ. ಆಳೆತ್ತರದ ಗಾಜು ಹೊತ್ತು ಹೊತ್ತು ಬಂದ ನಡಿಗೆ ಅದು; ನೆಂಟರ ಮನೆಯಲ್ಲೂ ಆಸ್ಪತ್ರೆಯಲ್ಲೂ ಒಂದು ಭುಜ ಮುಂದೆ, ಇನ್ನೊಂದು ಹಿಂದೆ. ಗಾಜಿನಂಚು ಕೊಯ್ಯದಂತೆ ಮುಂಗೈಗೆ ಸುತ್ತಿದ ಚರ್ಮದ ಪಟ್ಟಿಯನ್ನು ಊಟಕ್ಕೆ ಕೂತಾಗಲೂ ಬಿಚ್ಚುತ್ತಿರಲಿಲ್ಲ. ಬೈದು ಸೋತ ಹೆಂಡತಿ, ಪಟ್ಟಿಗೂ ಒಂದು ತಟ್ಟೆ ಇಡಲೇ ಎಂದು ಕೇಳುತ್ತಿದ್ದಳು.

ಅಂಕಿಯನ್ನು ಬರಿದೇ ಬಿಡುವುದು ಅವನಿಂದಾಗದು. ಯಾರಾದರೂ ಹತ್ತು ಎಂದರೆ ಸಾಕು, "ಹತ್ತು ಏನು?" ಅಡಿಯೋ ಇಂಚೋ ಹೇಳದವರನ್ನು ತನ್ನ ಗಾಜಿನಂಗಡಿಯ ಮೆಟ್ಟಿಲು ಇಳಿಯಗೊಡುತ್ತಿರಲಿಲ್ಲ. ಬಂದವರಿಗೆಲ್ಲ ಒಂದು ಒಗಟು: ಎರಡು ಅಡಿ ಮತ್ತು ಇಪ್ಪತ್ತು ಸೆಂಟಿಮೀಟರ್ ಕೂಡಿಸಿದರೆ ಎಷ್ಟು? ಇಪ್ಪತ್ತೆರಡು ಎಂದವರಿಗೆ ದಿನವಿಡೀ ಗೇಲಿ. ಪಕ್ಕದ ಅಂಗಡಿಯ ದರ್ಜಿ ಒಮ್ಮೆ ರೇಗಿದ.

"ಮೂರು ಪ್ಯಾಂಟು, ಎರಡು ಶರ್ಟು, ಒಟ್ಟು ಐದು. ಏನು ಅಂತ ಕೇಳಿದ್ರೆ ಕತ್ತರಿ ತಗೊಂಡು ಬರ್ತೀನಿ."

"ಐದು ಏನು?"

"ಐದು ಬಟ್ಟೆ, ಮಾರಾಯ."

"ಹಾಗೆ ಬಾ ದಾರಿಗೆ. ಎರಡಕ್ಕೂ ಒಂದೇ ಹೆಸರು ಕೊಟ್ಟೆ, ಕೂಡ್ತು."

ಅಂಥವನೂ ಒಮ್ಮೆ ಜಾರಿದ. ಬಡಗಿ ಹೇಳಿದ ಕಿಟಕಿಯಳತೆ ಮೂವತ್ತು ಇಂಚು, ಅಂಚಿಗೆಂದು ಮೇಲೆ ಆರು ಸೆಂಟಿಮೀಟರ್. ಇವನು ಮೂವತ್ತಾರು ಇಂಚಿಗೆ ಗಾಜು ಕತ್ತರಿಸಿ ಹೊತ್ತೊಯ್ದ. ಅದು ಚೌಕಟ್ಟಿನಿಂದ ನಾಲ್ಕು ಬೆರಳು ಆಚೆ ನಿಂತಾಗ ಆ ಮನೆಯವರೆಲ್ಲ ನಕ್ಕರು. "ಮೂವತ್ತಾರು ಏನು ಅಂತ ನನ್ನನ್ನ ಯಾರೂ ಕೇಳಲಿಲ್ವಲ್ಲ," ಎಂದ, ತಪ್ಪು ಅವರದೇ ಎಂಬಂತೆ. ಬೇರೆ ಗಾಜು ಕೂರಿಸಿಕೊಟ್ಟು, ದೊಡ್ಡದನ್ನು ತಂದು ತನ್ನ ಮನೆಯ ಊಟದ ಮೇಜಿನ ಮೇಲೆ ಹಾಸಿದ. ಅಂಚು ಹೊರಗೆ ಚಾಚಿ ಎಲ್ಲರ ಮೊಣಕೈಗೂ ಬಡಿಯುತ್ತಿತ್ತು. ಕತ್ತರಿಸಿ ಸರಿಮಾಡಿ ಎಂದಳು ಹೆಂಡತಿ. "ಯಾಕೆ ಕತ್ತರಿಸ್ಲಿ? ತಪ್ಪು ಮಾಡಿದ್ದು ಅಷ್ಟು ಅಗಲಾನೇ."

ಕೊನೆಗೆ ಅವನಿಗೆ ಬಂದ ಕಾಯಿಲೆ ಕೈಮೀರಿದಾಗ ಡಾಕ್ಟರು ತಲೆ ತಗ್ಗಿಸಿ, ಹೆಚ್ಚೆಂದರೆ ಮೂರು ಎಂದರು.

"ಮೂರು ಏನು, ಡಾಕ್ಟ್ರೇ?"

"ವಾರ."

"ಕೇಳಿಸ್ಕೊಂಡೆಯಾ?" ಎಂದು ಹೆಂಡತಿಯ ಕಡೆ ತಿರುಗಿದ. "ವಾರ ಅಂದ್ರು. ದಿನ ಅಲ್ಲ." ಅಂದೇ ಮಧ್ಯಾಹ್ನ ಅಂಗಡಿಗೆ ಹೋಗಿ ಗಾಜು ಕತ್ತರಿಸಿದ.

ಅವನು ಹೋಗಿ ವರ್ಷ ತುಂಬಿದ ಮೇಲೆ ಅವನ ಅಣ್ಣ ಬಂದು, ಅಂಗಡಿ ಬೇರೆಯವರಿಗೆ ಕೊಟ್ಟುಬಿಡು ಎಂದು ಅವನ ಹೆಂಡತಿಗೆ ಹೇಳಿದರು. "ವರ್ಷ ಕಳೀತಲ್ಲಮ್ಮ. ದುಃಖಾನೂ ಅಷ್ಟು ಕಳೀಬೇಕು."

"ವರ್ಷದ ಅಳತೆ ಬೇರೆ, ದುಃಖದ ಅಳತೆ ಬೇರೆ, ಭಾವ. ಇದರಲ್ಲಿ ಅದನ್ನ ಹೇಗೆ ಕಳೀತೀರಿ?"

"ಮಾತು ಬಿಡು. ಗಾಜು ಒಬ್ಬಳೇ ಎತ್ತುತ್ತೀಯಾ?"

"ಎತ್ತೋಕಾಗೋಷ್ಟೇ ಕತ್ತರಿಸ್ತೀನಿ. ದೊಡ್ಡದು ಬಂದ್ರೆ ಹೇಳಿಕಳಿಸ್ತೀನಿ, ನೀವು ಬಂದು ಒಂದು ತುದಿ ಹಿಡೀರಿ."

ಭಾವ ಚಪ್ಪಲಿ ಮೆಟ್ಟಿಕೊಂಡು ನಡೆದರು. ಅವಳು ಹೋಗಿ ಅಂಗಡಿಯ ಷಟರ್ ಎತ್ತಿದಳು.

ಇಂಥವರೊಂದಿಗೆ ಸಂಸಾರ ಸುಲಭವಲ್ಲ. ಎಲ್ಲರೂ ತಲೆದೂಗಿ ಎದ್ದು ಹೋಗುವ ಮಾತಿಗೆ ಅವರು ಅಡ್ಡ ನಿಲ್ಲುತ್ತಾರೆ, ನಗೆಪಾಟಲಾಗುತ್ತಾರೆ, ತಮ್ಮ ತಪ್ಪನ್ನೂ ಎದೆಯುಬ್ಬಿಸಿ ಹೊರುತ್ತಾರೆ. ಸತ್ತ ಮೇಲೆ ಜನ ಅವರನ್ನು ಹಟಮಾರಿ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹಟಮಾರಿಯ ಜೊತೆ ಬಾಳಿ ಆ ಹಟವನ್ನೇ ಕಲಿತವರನ್ನು ಮಾತ್ರ ಹಾಗೆ ಮುಗಿಸಲಾಗದು.