ಬಾಳವ್ವನ ಜೋಗುಳ ಹೊತ್ತ ಪೆನ್‌ಡ್ರೈವ್

ನನ್ನ ಜಾತಕ ಬರೆದವರು ಕಾರ್ಖಾನೆಯವರು. ಹೆಬ್ಬೆರಳಿನಷ್ಟು ಮೈಗೆ ನೂರಾ ಇಪ್ಪತ್ತೆಂಟು ಜಿಬಿ ಹೊಟ್ಟೆ ಕೊಟ್ಟು, ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್ ಹಾಕಿ ಕಳಿಸಿದರು. ಫಾರ್ಮ್ಯಾಟ್ ಎಂದರೆ ನಮ್ಮೊಳಗೆ ಕಡತಗಳನ್ನು ಜೋಡಿಸಿಡುವ ಕ್ರಮ. ಎಕ್ಸ್‌ಫ್ಯಾಟನ್ನು ವಿಂಡೋಸ್, ಮ್ಯಾಕ್ ಎರಡೂ ಓದುತ್ತವೆ. ಇಷ್ಟು ತಿಳಿದಿದ್ದರೆ ಸಾಕಿತ್ತು, ಆದರೆ ಮನುಷ್ಯರಿಗೆ ಇಷ್ಟೂ ತಿಳಿಯಲಿಲ್ಲ.

ನನ್ನನ್ನು ಕೊಂಡವನು ಧಾರವಾಡದ ರೆಕಾರ್ಡಿಂಗ್ ಸ್ಟುಡಿಯೋ ಮಾಲೀಕ ವಿನಾಯಕ ಕಟಗೇರಿ. ಮ್ಯಾಕ್ ಇಟ್ಟುಕೊಂಡವನೆಂಬ ಒಣಜಂಭ ಅವನಿಗೆ. ಅವತ್ತು ಹಾಡುಗಾರ್ತಿ ಬಾಳವ್ವ ಬಂದಿದ್ದಳು. ಮರುವಾರ ಅವಳ ಗಂಟಲಿನ ಆಪರೇಷನ್. ಧ್ವನಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಅವಳನ್ನು ಕರೆತಂದ ಕಾಲೇಜಿನ ಕನ್ನಡ ಪ್ರೊಫೆಸರ್ ಗುರುಬಸಪ್ಪ ಕಮತರಿಗೆ ಅವಳ ಹಾಡುಗಳ ಮೇಲೊಂದು ಪ್ರಬಂಧ ಬರೆದು ಹೆಸರು ಮಾಡಬೇಕಿತ್ತು. ಬಾಳವ್ವನಿಗೆ ಬೇಕಾದದ್ದು ಬೇರೆ.

"ಮಗಳು ಬಸುರಿ ಅದಾಳ್ರಿ. ಕೂಸಿನ್ನ ತೊಟ್ಟಲದಾಗ ಹಾಕೋ ದಿನ ನನ್ನ ಜೋಗುಳ ಕೇಳಬೇಕು. ಅಷ್ಟ ಮಾಡಿಕೊಡ್ರಿ," ಎಂದಳು.

ಮೂರು ತಾಸು ಹಾಡಿದಳು. ಕೆಮ್ಮು ಬಂದಾಗ ನೀರು ಕುಡಿದು ಮತ್ತೆ ಮೊದಲಿನಿಂದ ಶುರುಮಾಡಿದಳು.

ಹಾಡನ್ನು ನನಗೆ ತುಂಬುವ ಮುನ್ನ ಕಟಗೇರಿಯ ಹೆಂಡತಿ ಗೌರಾ, "ರೀ, ಇದರ ಫಾರ್ಮ್ಯಾಟ್ ಬದಲಿಸಬ್ಯಾಡ್ರಿ, ಹಂಗ ಇರ್ಲಿ. ಕಾಲೇಜಿನ್ಯಾಗ ವಿಂಡೋಸ್ ಇರ್ತೈತಿ," ಎಂದಳು.

"ನನಗ ಕಲಸಾಕ ಬರಬ್ಯಾಡ. ಮ್ಯಾಕಿನ ಫಾರ್ಮ್ಯಾಟಂದ್ರ ಫಾರ್ಮ್ಯಾಟು!"

ಹಾಗೆಂದವನೇ ನನ್ನನ್ನು ಮ್ಯಾಕಿಗೆ ಮಾತ್ರ ತಿಳಿಯುವಂತೆ ಮಾಡಿ, ಹಾಡು ತುಂಬಿ ಪ್ರೊಫೆಸರರ ಕೈಗಿಟ್ಟ. ಆಮೇಲೆ ಮದುವೆ ವಿಡಿಯೋಗಳಿಗೆ ಜಾಗ ಬೇಕೆಂದು ತನ್ನ ಹತ್ತಿರವಿದ್ದ ಪ್ರತಿಯನ್ನೂ ಅಳಿಸಿದ. ಇಂಥವನನ್ನು ಊರು ಭಾರೀ ತಿಳಿದವನು ಅನ್ನುತ್ತದೆ.

ಪ್ರೊಫೆಸರರ ವಿಷಯ ಕೇಳಲೇಬೇಡಿ. ಹುಡುಗರ ಕಾಗುಣಿತದ ಮೇಲೆ ಕೆಂಪು ಮಸಿ ಸುರಿಯುವ ಮಹಾನುಭಾವರು ತಾವು ಮಾತ್ರ ಒಂದು ಸಾಲು ಓದುವುದಿಲ್ಲ. ಕಾಲೇಜಿನ ವಿಂಡೋಸ್ ಕಂಪ್ಯೂಟರಿಗೆ ನನ್ನ ಒಳಗು ಅರ್ಥವಾಗದೆ, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕೆಂದಿತು. ಇವರು ಹೂಂ ಎಂದು ಒತ್ತಿದರು. ಇದ್ದುದೆಲ್ಲ ಅಳಿಸಿಹೋಗುತ್ತದೆ ಎಂದು ಎಚ್ಚರಿಸಿತು. ಮತ್ತೂ ಒತ್ತಿದರು. ನಾನು ಖಾಲಿಯಾದೆ. ಸ್ಟುಡಿಯೋದವನು ಹಾಡು ಹಾಕೇ ಇಲ್ಲವೆಂದು ಗೊಣಗಿ, ಫೋನ್ ಮಾಡಿ ಕೇಳಬೇಕೆಂದುಕೊಂಡು ಮರೆತರು. ನನ್ನ ಹೊಟ್ಟೆಗೆ ವಾರ್ಷಿಕೋತ್ಸವದ ಫೋಟೋ, ವಿಡಿಯೋಗಳನ್ನು ಕಂಠಮಟ್ಟ ತುಂಬಿದರು. ಎಲ್ಲದರಲ್ಲೂ ಶಾಲು ಹೊದ್ದು ನಿಂತವರು ಅವರೇ.

ನಾಲ್ಕು ತಿಂಗಳ ಮೇಲೆ ಬಾಳವ್ವ ಬಂದಳು, ಕೊರಳಿಗೆ ಸೆರಗು ಸುತ್ತಿಕೊಂಡು. ಜೊತೆಗೆ ಕೂಸೆತ್ತಿಕೊಂಡ ಮಗಳು.

"ನಾಳಿ ತೊಟ್ಟಲ ಐತ್ರಿ ಸರ. ಅವ್ವನ ಹಾಡು ಕೊಡ್ರಿ," ಎಂದಳು ಮಗಳು.

ಪ್ರೊಫೆಸರರು ಆಗ ಸ್ಟುಡಿಯೋಗೆ ಫೋನ್ ಹಚ್ಚಿದರು. ತಾವು ಒತ್ತಿದ್ದು ಏನೆಂದು ಆಗಷ್ಟೇ ತಿಳಿಯಿತು. ಫೋನ್ ಇಟ್ಟು, ಮುಖ ನೋಡದೆ, "ಪೆನ್‌ಡ್ರೈವ್ ಕೆಟ್ಟೈತವಾ," ಎಂದರು.

ಥೂ! ಕೆಟ್ಟವನು ನಾನಂತೆ!

ಅಷ್ಟರಲ್ಲಿ ಕೂಸು ಅತ್ತಿತು. ಮಗಳು ಅಲ್ಲೇ ಜೋಗುಳ ಎತ್ತಿದಳು. ಎರಡು ನುಡಿ ಹಾಡಿ ನಿಂತಳು. "ಮುಂದಿಂದು ಹೆಂಗ ಐತಿ ಯವ್ವಾ?" ಬಾಳವ್ವ ತುಟಿ ಆಡಿಸಿದಳು. ಸ್ವರವಿಲ್ಲ. ಮಗಳು ಆ ತುಟಿಯನ್ನೇ ನೋಡುತ್ತ ನಿಂತಳು, ಒಂದು ಶಬ್ದವೂ ಸಿಗಲಿಲ್ಲ. ಬಾಳವ್ವ ಕೊನೆಗೆ ಕೂಸಿನ ಬೆನ್ನು ತಟ್ಟಿದಳು.

ನಾನೀಗ ಪ್ರೊಫೆಸರರ ಮೇಜಿನ ಕೆಳಖಾನೆಯಲ್ಲಿದ್ದೇನೆ. ವಿಂಡೋಸ್ ಹಾಕಿದ್ದು ಮತ್ತೆ ಎಕ್ಸ್‌ಫ್ಯಾಟೇ. ಯಾವ ಕಂಪ್ಯೂಟರಿಗೆ ಚುಚ್ಚಿದರೂ ಈಗ ತೆರೆದುಕೊಳ್ಳುತ್ತೇನೆ. ಇವರನ್ನೆಲ್ಲ ಬೈದರೆ ಹಗುರಾದೇನೆಂದು ಇಷ್ಟು ಹೇಳಿದೆ. ಹಗುರಾಗಲಿಲ್ಲ. ಆ ಮೂರನೆಯ ನುಡಿ ನನಗೂ ಬರುವುದಿಲ್ಲ.