ಮಗ್ಗದ ಗುಂಡಿ ಮುಚ್ಚಬೇಕಂತೆ

ಪ್ಲೇಗ್ ಕಚೇರಿಯ ತಳವಾರ ನಿಂಗಯ್ಯ ತಮಟೆ ಬಡಿದು ಸಾರಿ ಮುಗಿಸುವಷ್ಟರಲ್ಲಿ ದೇವೀರಮ್ಮ ಮುದ್ದೆ ತಿರುವುತ್ತಿದ್ದ ಕೋಲು ಹಿಡಿದುಕೊಂಡೇ ಗುಡಿಸಲಿಂದ ಈಚೆಗೆ ಬಂದಳು.

“ಇನ್ನೊಂದ್ಸಲ ಯೋಳ್ಲಾ ಅದ!”

ನಿಂಗಯ್ಯ ಕೋಲು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಬಾಯಿಪಾಠ ಒಪ್ಪಿಸಿದ. ಪ್ಲೇಗು ಇಳಿದದೆ. ಊರಿಗೆ ವಾಪಸ್ಸು ಹೋಗೋರು ಮೊದಲು ಮನೆ ಹೆಂಚು ಇಳಿಸಿ ಮೂರು ದಿನ ಒಳಕ್ಕೆ ಬಿಸಿಲು ಬಿಡಬೇಕು. ಆ ಮೂರು ದಿನ ಹೊತ್ತು ಹುಟ್ಟಿದಾಗಿಂದ ಹೊತ್ತು ಮುಳುಗೋ ತನಕ ಮನೆಯೋರು ಒಳಗಿದ್ದು ಚೊಕ್ಕಟ ಮಾಡ್ಕೋಬಹುದು. ಗೋಡೆಗೆ ಸುಣ್ಣ ಬಳಿಯಬೇಕು. ಮನೆಯೊಳಗಿನ ಬಿಲ, ಗುಂಡಿ ಎಲ್ಲಕ್ಕೂ ಕಲ್ಲು ಮಣ್ಣು ತುಂಬಿ ಗಟ್ಟಿ ಮಾಡಬೇಕು. ಇನ್ಸ್‌ಪೆಕ್ಟರು ಬಂದು ನೋಡಿ ಬಾಗಿಲಿಗೆ ಚೀಟಿ ಅಂಟಿಸಿದ ಮೇಲೇ ಒಲೆ ಹಚ್ಚೋದು.

“ಗುಂಡಿ ಅಂದ್ರೆ ಯಾವ ಗುಂಡಿ?”

“ಗುಂಡಿ ಅಂದ್ರೆ ಗುಂಡಿ ಕಣಕ್ಕ.”

“ಮಗ್ಗದ್ದೂವಾ?”

ನಿಂಗಯ್ಯ ತಮಟೆಯ ಹಗ್ಗ ಸರಿಮಾಡಿಕೊಳ್ಳುತ್ತ ನೆಲ ನೋಡಿದ. ಅಷ್ಟು ಸಾಕಾಯಿತು. “ಇದ ಬರ್ದೋನು ಹುಟ್ಟಿದಾಗಿಂದ ಬತ್ತಲೆ ತಿರುಗ್ತಾ ಅವ್ನಾ? ಮೈಮೇಲಿನ ಬಟ್ಟೆ ಎಲ್ಲಿಂದ ಬತ್ತದೆ ಅಂತ ಒಂದಿನಾನಾದ್ರೂ ಕೇಳವ್ನಾ?” ಎಂದು ಶುರುಮಾಡಿದವಳು ಮುದ್ದೆ ಸೀದು ವಾಸನೆ ಬರುವವರೆಗೆ ನಿಲ್ಲಿಸಲಿಲ್ಲ.

ಅಲ್ಲವೇ ಮತ್ತೆ? ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಗುಂಡಿ ಇಲ್ಲದ ಮನೆ ಯಾವುದಿದೆ? ನೇಯುವವನು ನೆಲದ ಮೇಲೆ ಕೂತು ಎರಡೂ ಕಾಲು ಗುಂಡಿಗೆ ಇಳಿಬಿಟ್ಟು ತುಳಿದರೆ ತಾನೇ ಎಳೆ ಮೇಲೆ ಕೆಳಗೆ ಆಗುವುದು. ಗುಂಡಿ ಮುಚ್ಚಿದ ಮೇಲೆ ಮಗ್ಗ ಅನ್ನುವುದು ಬರೀ ನಾಲ್ಕು ಮರದ ತುಂಡು. ಆ ಗುಂಡಿಯೇನು ಇಲಿ ತೋಡಿದ್ದಲ್ಲ. ದೇವೀರಮ್ಮನ ಮಾವನವರು ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ ಗಾರೆ ಹಾಕಿಸಿದ್ದು. ಇಲಿ ಉಗುರು ಹಾಕಲೂ ಅಲ್ಲಿ ಎಡೆ ಇರಲಿಲ್ಲ.

ಇವಳ ಸಂಕಟ ಅಷ್ಟೇ ಆಗಿದ್ದರೆ ಎಲ್ಲರ ಜೊತೆ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಅವಳ ಮಗ್ಗದ ಮೇಲೆ ಒಂದು ಸೀರೆ ಅರ್ಧಕ್ಕೆ ನಿಂತಿತ್ತು. ಗುಂಡಿ ತುಂಬಲು ಮಗ್ಗ ಕಿತ್ತರೆ ಅದನ್ನು ಕೊಯ್ಯಲೇಬೇಕು.

ಹೆಂಡತಿ ಭಾಗ್ಯಮ್ಮ ಬಸುರಿ ಅಂತ ತಿಳಿದ ವಾರಕ್ಕೇ ಮಗ ಚೌಡೇಶ ಗಿಣಿಹಸುರು ರೇಷ್ಮೆಯ ಉದ್ದೆಳೆಗಳ ಹಾಸನ್ನು ಮಗ್ಗಕ್ಕೆ ಏರಿಸಿದ್ದ. ಸೀಮಂತಕ್ಕೆ ಉಡಿಸುತ್ತೇನೆ, ಆಮೇಲೆ ಮಗೂಗೆ ಅದರಲ್ಲೇ ತೊಟ್ಟಿಲು ಕಟ್ಟೋಣ ಅಂದಿದ್ದ. ಇನ್ನು ಐದು ಮೊಳ ಬಾಕಿ ಇದೆ ಅನ್ನುವಾಗ ದೀಪಾವಳಿ ಮಾರನೆಯ ವಾರ ಬೀದಿಯಲ್ಲಿ ಇಲಿ ಉದುರಿದವು. ಊರೇ ಎದ್ದು ಯಳಂದೂರು ದಾರಿಯ ಹೊಲಗಳಲ್ಲಿ ಸೋಗೆ ಗುಡಿಸಲು ಹಾಕಿಕೊಂಡಿತು. ಏರಿಸಿದ ಹಾಸನ್ನು ನಡುವೆ ಕೊಯ್ಯುವುದು ಅವರಲ್ಲಿ ಇಲ್ಲ. ಚೌಡೇಶ ಮಗ್ಗದ ಮೇಲೆ ಬೇವಿನ ಸೊಪ್ಪು ಹರಡಿ, ಹಳೇ ಪಂಚೆ ಸುತ್ತಿ, ಬೀಗ ಹಾಕಿ ಬಂದ. ಸಂಕ್ರಾಂತಿ ಕಳೆದ ಇಪ್ಪತ್ತೊಂದನೆಯ ದಿನ ಅವನ ಕಂಕುಳಲ್ಲಿ ಗಡ್ಡೆ ಎದ್ದಿತು. ಮೂರೇ ದಿನ. ಅವನು ಸತ್ತಾಗ ಹೊರೋದಕ್ಕೂ ಜನ ಹತ್ತಿರ ಬರಲಿಲ್ಲ. ಪಕ್ಕದ ಮನೆ ಹೊನ್ನಯ್ಯನೊಬ್ಬ ಮುಖಕ್ಕೆ ಟವಲು ಕಟ್ಟಿಕೊಂಡು ಬಂದ.

ಈಗ ಯುಗಾದಿ ಕಳೆದಿತ್ತು. ಭಾಗ್ಯಮ್ಮನಿಗೆ ಎಂಟು ತುಂಬಿತ್ತು. ಅಪ್ಪನ ಮುಖ ಕಾಣದ ಕೂಸು ಅಪ್ಪನ ಕೈಯ ಬಟ್ಟೆಯಲ್ಲಾದರೂ ಮಲಗಬೇಕು. ದೇವೀರಮ್ಮ ಅದೊಂದನ್ನು ಹಿಡಿದುಕೊಂಡೇ ಎರಡು ತಿಂಗಳು ಉಸಿರಾಡಿದ್ದಳು.

ಮಾರನೆಯ ಬೆಳಿಗ್ಗೆ ಕಚೇರಿ ಮುಂದೆ ಹೋಗಿ ನಿಂತಳು. ಇನ್ಸ್‌ಪೆಕ್ಟರ್ ಕೆಂಪನಂಜಪ್ಪ ಯಳಂದೂರಿನವನು, ಮೈಸೂರು ಸೀಮೆಯಲ್ಲಿ ಓದಿದವನು. ಪ್ಲೇಗಿನ ಮಟ್ಟಿಗೆಂದು ಅವನಿಗೆ ಈ ಕೆಲಸ ಸಿಕ್ಕಿತ್ತು. ಉದ್ದ ಕೋಟು, ಮೂಗಿಗೆ ಅತ್ತರಿನ ಕರ್ಚೀಫು.

“ಸಾ, ನಮ್ ಗುಂಡಿ ಬಂದು ನೋಡಿ ಸಾ. ಸುತ್ತ ಕಲ್ಲು ಕಟ್ಟವ್ರೆ. ಸುಣ್ಣ ಬೇಕಾದ್ರೆ ಮೂರ್ಸಲ ಬಳೀತೀನಿ.”

“ರೂಲ್ಸಲ್ಲಿ ಕಲ್ಲು ಗಿಲ್ಲು ಏನೂ ಇಲ್ಲಮ್ಮ. ಗುಂಡಿ ಮುಚ್ಚಬೇಕು ಅಂತಿದೆ.”

“ಐದು ಮೊಳ ನೇಯೋಗಂಟ ಬುಡಿ ಸಾ. ಆಮೇಲೆ ನಾನೇ ಮುಚ್ತೀನಿ. ಸತ್ತೋನ ಕೈಕೆಲ್ಸ ಸಾ ಅದು.”

“ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳ್ತಾರೆ. ಮುಚ್ಚದಿದ್ರೆ ಚೀಟಿ ಇಲ್ಲ. ಚೀಟಿ ಇಲ್ದಿದ್ರೆ ಗುಡಿಸಲಲ್ಲೇ ಬಾಣಂತನ ಮಾಡ್ಕೋ.”

ಬಾಣಂತನ ಅಂದನಲ್ಲ, ಅದು ದೇವೀರಮ್ಮನಿಗೆ ಎದೆಗೇ ತಾಕಿತು. ಉರಿದುಹೋದಳು. “ನಿಮ್ಮವ್ವ ನಿಮ್ಮನ್ನ ಎಲ್ಲಿ ಎತ್ತಳು ಸಾ, ಕಚೇರೀಲಾ?” ಎಂದು ಕೇಳಿಯೇ ಬಂದಳು. ಜವಾನ ಹೊರಕ್ಕೆ ದಬ್ಬುವಾಗಲೂ ಬಾಯಿ ನಿಂತಿರಲಿಲ್ಲ.

ಬೀದಿಯವರು ಒಬ್ಬೊಬ್ಬರಾಗಿ ಬಗ್ಗಿದರು. ಐದು ತಿಂಗಳ ಸೋಗೆ ವಾಸ ಯಾರಿಗೆ ಬೇಕು? ಹೊನ್ನಯ್ಯ ಮೊದಲನೆಯವನು. ಎರಡೂವರೆ ಸೀರೆಯ ಹಾಸನ್ನು ಕತ್ತರಿಯಲ್ಲಿ ಕೊಯ್ದು, ಗುಂಡಿಗೆ ಒಂದು ಗಾಡಿ ಮಣ್ಣು ಸುರಿದ. ಅಂವ ಕೊಯ್ದದ್ದನ್ನು ನೋಡಿ ಉಳಿದವರೂ ಕೊಯ್ದರು. ಒಂಬತ್ತು ದಿನದಲ್ಲಿ ಹತ್ತು ಮನೆಯ ಗುಂಡಿ ಮುಚ್ಚಿದವು, ಹತ್ತು ಬಾಗಿಲಿಗೆ ಚೀಟಿ ಬಿತ್ತು. ಹನ್ನೊಂದನೆಯದು ದೇವೀರಮ್ಮನದು.

“ಅಟ ಮಾಡಬ್ಯಾಡ ದೇವೀರಕ್ಕ,” ಅಂದ ಹೊನ್ನಯ್ಯ. “ಪ್ಲೇಗು ಕಳೀಲಿ, ಮತ್ತೆ ಅಗೀವಾ.”

“ಮಣ್ಣು ಅಗೀಬೋದು ಒನ್ನಯ್ಯ. ಕೊಯ್ದ ಮ್ಯಾಲೆ ಚೌಡೇಶ ಬಂದು ಗಂಟು ಆಕ್ತಾನಾ?”

ಹೊನ್ನಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ.

ಅವತ್ತು ಸಂಜೆ ಒಲೆ ಮುಂದೆ ಕೂತಿದ್ದಾಗ ದೇವೀರಮ್ಮನಿಗೆ ನಿಂಗಯ್ಯನ ಬಾಯಿಪಾಠ ನೆನಪಾಯಿತು. ಹೆಂಚು ಇಳಿಸಿ ಮೂರು ದಿನ. ಹೊತ್ತು ಹುಟ್ಟಿದಾಗಿಂದ ಮುಳುಗೋ ತನಕ ಒಳಗಿರಬಹುದು. ಗುಂಡಿ ನೋಡಲು ಇನ್ಸ್‌ಪೆಕ್ಟರು ಬರುವುದು ಮೂರನೆಯ ದಿನ.

“ಭಾಗ್ಯ, ನಾಳೆ ಎಂಚು ಇಳಿಸ್ತೀನಿ,” ಅಂದಳು. “ಮೂರು ದಿವ್ಸ ಅದೆ. ಐದು ಮೊಳ. ನೀನು ಲಾಳಿಗೆ ಕಂಡಿಕೆ ಸುತ್ತಿ ಕೊಡು.”

“ನೇಯೋರು ಯಾರತ್ತೆ?”

“ನಾನು.”

ಭಾಗ್ಯಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಆ ಬೀದಿಯಲ್ಲಿ ಹೆಂಗಸರು ನೂಲು ಬಿಚ್ಚುತ್ತಾರೆ, ಕಂಡಿಕೆ ಸುತ್ತುತ್ತಾರೆ, ಹರಿದ ಎಳೆ ಕಟ್ಟುತ್ತಾರೆ. ಗುಂಡಿಗೆ ಇಳಿಯುವುದಿಲ್ಲ. ಅದರಲ್ಲೂ ಗಂಡ ಸತ್ತವಳು! ಮಾರನೆಯ ಬೆಳಿಗ್ಗೆ ಹೆಂಚು ಇಳಿದ ಮೇಲೆ ಹೊನ್ನಯ್ಯ ಬಾಗಿಲಲ್ಲಿ ನಿಂತು “ಎಂಗುಸ್ರು ಗುಂಡಿಗೆ ಇಳಿಯೋದುಂಟಾ ಅಕ್ಕ?” ಅಂದಾಗ ದೇವೀರಮ್ಮ, “ಗಂಡಸ್ರೆಲ್ಲ ಮಣ್ಣು ತುಂಬ್ಕಂಡು ಕುಂತವ್ರಲ್ಲ, ಇನ್ಯಾರು ಇಳೀಬೇಕು?” ಅಂದು ಸೀರೆಯ ನೆರಿಗೆ ಎತ್ತಿ ಕಟ್ಟಿ ಕಾಲು ಇಳಿಬಿಟ್ಟಳು.

ಗುಂಡಿಯ ತಳ ತಣ್ಣಗಿತ್ತು. ತುಳಿಯುವ ಹಲಗೆಯ ಮೇಲೆ ಚೌಡೇಶನ ಕಾಲು ಸವೆಸಿದ ಜಾಗ ಅವಳ ಕಾಲಿಗೆ ದೊಡ್ಡದಾಯಿತು. ಅಳು ಬಂತು. ಬಂದದ್ದನ್ನು ನುಂಗಿ ಪಂಚೆ ಬಿಚ್ಚಿದಳು. ಒಂದು ಎಳೆಯನ್ನೂ ಇಲಿ ಮುಟ್ಟಿರಲಿಲ್ಲ.

ರೇಷ್ಮೆಗೆ ನೆರಳು ಬೇಕು, ತಂಪು ಬೇಕು. ತಲೆ ಮೇಲೆ ಹೆಂಚಿಲ್ಲದೆ ಯುಗಾದಿ ಬಿಸಿಲು ನೇರ ಹಾಸಿನ ಮೇಲೆ ಬಿದ್ದರೆ ಎಳೆ ತಟತಟ ಹರಿಯುತ್ತದೆ. ಭಾಗ್ಯಮ್ಮ ಗೋಣಿತಾಟು ನೆನೆಸಿ ತೊಲೆಗಳ ನಡುವೆ ಕಟ್ಟಿದಳು. ಅದು ಒಣಗಿದಂತೆಲ್ಲ ಮತ್ತೆ ನೀರು ಚಿಮುಕಿಸಿದಳು. ಮೊದಲ ದಿನ ಒಂದೂವರೆ ಮೊಳವಾಯಿತು. ಎಳೆ ಬಡಿಯುವ ದೇವೀರಮ್ಮನ ಏಟು ಒಂದು ಗಟ್ಟಿ, ಒಂದು ಸಡಿಲ. ಮಗನ ನೇಯ್ಗೆ ಮುಗಿದು ತನ್ನದು ಶುರುವಾದ ಕಡೆ ಬೆರಳಿಟ್ಟರೆ ತಿಳಿಯುತ್ತಿತ್ತು. “ನೋಡು, ಮಗ ರಾಜ, ತಾಯಿ ಕೂಲಿ,” ಅಂದುಕೊಂಡು ಮತ್ತೆ ಲಾಳಿ ಎಸೆದಳು. ಎರಡನೆಯ ದಿನ ಸೊಂಟ ಬಿದ್ದುಹೋದ ಹಾಗಾಯಿತು, ಆದರೂ ಎರಡು ಮೊಳ ಬಂತು.

ಮೂರನೆಯ ದಿನ ಇನ್ನೂ ಒಂದು ಗೇಣು ಉಳಿದಿರುವಾಗ ಕೆಂಪನಂಜಪ್ಪ ಬಂದ. ಹಿಂದೆ ಕಲ್ಲುಮಣ್ಣಿನ ಮಂಕರಿ ಹೊತ್ತ ಇಬ್ಬರು ಆಳು, ತಮಟೆ ನಿಂಗಯ್ಯ. ಗದ್ದಲ ಕೇಳಿ ಹೊನ್ನಯ್ಯನೂ ಬಂದು ಬಾಗಿಲಲ್ಲಿ ನಿಂತ.

“ಏನಮ್ಮ ಇದು! ಮುಚ್ಚು ಅಂದ್ರೆ ನೇಯ್ತಾ ಕೂತಿದ್ದೀಯ? ಏಳು ಮೇಲೆ!”

“ಒಂದು ಗೇಣು ಅದೆ. ನಿಂತ್ಕಳಿ.”

“ಸುರೀರೋ ಮಣ್ಣು!”

“ಸುರೀರಿ,” ಅಂದಳು ದೇವೀರಮ್ಮ, ಲಾಳಿ ನಿಲ್ಲಿಸದೆ. “ನನ್ ಕಾಲ ಮ್ಯಾಲೇ ಸುರೀರಿ. ಇಲಿ ಜೊತೆ ಮುದುಕೀನೂ ಮುಚ್ಚಿದ್ವಿ ಅಂತ ಬರಕಳಿ.”

ಆಳುಗಳು ಮಂಕರಿ ಇಳಿಸಿ ಸುಮ್ಮನೆ ನಿಂತರು. ಅವಮಾನವಾಯಿತು ಕೆಂಪನಂಜಪ್ಪನಿಗೆ. ಕಂಕುಳಲ್ಲಿದ್ದ ರಟ್ಟಿನ ಫೈಲು ತೆಗೆದು ಭಾಗ್ಯಮ್ಮನ ಮುಂದೆ ಒಗೆದ. “ನಾನೇನು ಮನೆಯಿಂದ ಮಾಡ್ಕೊಂಡು ಬಂದ ರೂಲ್ಸಾ ಇದು? ಓದಿಸ್ಕೊಳ್ಳಿ, ಯಾರಿಗಾದ್ರೂ ಅಕ್ಷರ ಬಂದ್ರೆ!”

ಭಾಗ್ಯಮ್ಮನಿಗೆ ಅಕ್ಷರ ಬರುತ್ತಿತ್ತು. ಅವಳ ಅಪ್ಪ ಸೀರೆ ಗಂಟು ಹೊತ್ತು ಮಾರುತ್ತ ಮಾರ್ಟಳ್ಳಿಯಲ್ಲಿ ನೆಲೆಸಿದವನು. ಅಲ್ಲಿ ಅವಳು ನಾಲ್ಕು ಕ್ಲಾಸು ತಮಿಳು ಓದಿದ್ದಳು. ಸೊಂಟಕ್ಕೆ ಕೈ ಕೊಟ್ಟು ಬಗ್ಗಿ ಕಾಗದ ಎತ್ತಿಕೊಂಡಳು. ಮೇಲಿನದು ಕನ್ನಡದ ಅಚ್ಚು, ನಿಂಗಯ್ಯ ಸಾರಿದ್ದು. ಅದರ ಕೆಳಗೆ ಒಂದು ಕಂತೆ ತಮಿಳು ಕಾಗದ. ಕೊಳ್ಳೇಗಾಲ ಆಗ ತಮಿಳು ಸೀಮೆಯ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ ಮೇಲಿನ ಕಚೇರಿಯ ಕಾಗದಗಳು ತಮಿಳಲ್ಲೇ ಬರುತ್ತಿದ್ದವು. ಅವಳು ತುಟಿ ಆಡಿಸುತ್ತ ಓದಿದಳು.

“ಇದ ಸಾರ್ಸಿದ್ರಾ ಸಾ?”

“ಯಾವುದು?”

“ಕಲ್ಲು ಕಟ್ಟಿರೋ ಮಗ್ಗದ ಗುಂಡಿ ಮುಚ್ಚಬ್ಯಾಡಿ, ಬಿಲ ಇಲ್ಲ ಅಂತ ನೋಡಿ ಸುಣ್ಣ ಬಳ್ದ್ರೆ ಸಾಕು ಅಂತ ಬರ್ದದೆ. ತಾರೀಕು ನೋಡಿದ್ರೆ ಬಂದು ಇಪ್ಪತ್ತು ದಿವ್ಸ ಆಯ್ತು.”

ಲಾಳಿ ನಿಂತಿತು. ಹೊನ್ನಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಇಪ್ಪತ್ತು ದಿವ್ಸ?” ಅಂದ ಅವನು. “ನಾನು ಕೊಯ್ದು ಅನ್ನೆರಡು ದಿವ್ಸ ಆಯ್ತಲ್ಲ ಸಾ. ಎಲ್ಲಿತ್ತು ಇದು?”

ಕೆಂಪನಂಜಪ್ಪ ಕರ್ಚೀಫಿನಲ್ಲಿ ಮುಖ ಒರೆಸಿಕೊಂಡ. ಕೆಲಸಕ್ಕೆ ಸೇರುವಾಗ ತಮಿಳು ಬರುತ್ತದೆಯೇ ಅಂದಿದ್ದಕ್ಕೆ ಬರುತ್ತದೆ ಅಂದಿದ್ದ. ಆಮೇಲೆ ಬಂದ ಕಾಗದವನ್ನೆಲ್ಲ ರುಜು ಹಾಕಿ ಫೈಲಿಗೆ ಸೇರಿಸುತ್ತ ಹೋದ. ಇನ್ನೊಬ್ಬರ ಕೈಲಿ ಓದಿಸಿದರೆ ಬಣ್ಣ ಬಯಲಾಗುತ್ತಿತ್ತು. “ನಂಗೆ... ಆ ಭಾಷೆ ಅಷ್ಟು...” ಅಂದು ನಿಲ್ಲಿಸಿದ.

“ಥೂ ನಿನ್ ಜನ್ಮಕ್ಕೆ!” ದೇವೀರಮ್ಮನ ಬಾಯಿಂದ ಸಾ ಹೋಯಿತು, ನೀವು ಹೋಯಿತು. “ಬರಾಕಿಲ್ಲ ಅಂತ ಒಂದು ಮಾತು ಅಂದಿದ್ರೆ ನಾಲ್ಗೆ ಸೇದೋಯ್ತಿತ್ತಾ? ಬೀದಿಯೋರ ಅನ್ನ ಕೊಯ್ಸಿದ್ಯಲ್ಲೋ!”

ಅವಳು ಇನ್ನೂ ಬೈಯುವವಳಿದ್ದಳು. ಭಾಗ್ಯಮ್ಮ ಇನ್ನೊಂದು ಕಾಗದ ತಿರುವಿ ಹಾಗೇ ನಿಂತದ್ದು ಕಣ್ಣಿಗೆ ಬಿತ್ತು. ಅವಳ ಕೈ ಹೊಟ್ಟೆಯ ಮೇಲಿತ್ತು.

“ಏನವ್ವ ಅದು?”

“ಏನಿಲ್ಲ ಅತ್ತೆ.”

“ಓದು.”

“ಬ್ಯಾಡ ಅತ್ತೆ.”

“ಓದು ಅಂದೆ.”

ಭಾಗ್ಯಮ್ಮ ಓದಿದಳು. ಪ್ಲೇಗು ಬಾರದ ಹಾಗೆ ಸೂಜಿ ಹಾಕುವ ಡಾಕ್ಟರು ಕೊಳ್ಳೇಗಾಲದ ಛತ್ರದಲ್ಲಿ ಮೂರು ದಿನ ಇರುತ್ತಾರೆ. ಗುಡಿಸಲಿನ ಜನಕ್ಕೆಲ್ಲ ತಮಟೆ ಹೊಡೆಸಿ ತಿಳಿಸಬೇಕು. ಬಂದವರಿಗೆ ಪುಕ್ಕಟೆ ಹಾಕಿ ಕಳಿಸುತ್ತಾರೆ.

“ಯಾವತ್ತು?”

“ಸಂಕ್ರಾಂತಿ ಮಾರನೇ ದಿನದಿಂದ ಅತ್ತೆ. ಮೂರು ದಿವ್ಸ.”

ಚೌಡೇಶನಿಗೆ ಗಡ್ಡೆ ಎದ್ದದ್ದು ಇಪ್ಪತ್ತೊಂದನೆಯ ದಿನ. ಅದರಲ್ಲಿ ಒಂದು ಕಳೆದರೆ ಇಪ್ಪತ್ತು. ದೇವೀರಮ್ಮ ಬೆರಳು ಮಡಿಸಬೇಕಾಗಲಿಲ್ಲ. ಮೂರೂ ದಿನ ಚೌಡೇಶ ಗುಡಿಸಲ ಮುಂದೆ ಕೂತು ಹಗ್ಗ ಹೊಸೆಯುತ್ತ ಕೆಲಸವಿಲ್ಲ ಅಂತ ಗೊಣಗುತ್ತಿದ್ದ. ಛತ್ರಕ್ಕೆ ಅರ್ಧ ಮೈಲಿ.

ನಿಂಗಯ್ಯ ತಮಟೆಯನ್ನು ಹೆಗಲಿಂದ ಇಳಿಸಿ ನೆಲದ ಮೇಲಿಟ್ಟ. “ನಂಗ ಯೋಳ್ನಿಲ್ಲ ಕಣಕ್ಕ. ದೇವ್ರಾಣೆ, ನಂಗ ಯಾರೂ ಯೋಳ್ನಿಲ್ಲ,” ಅಂದ.

ಎಲ್ಲರೂ ದೇವೀರಮ್ಮ ಕಿರುಚುತ್ತಾಳೆ ಅಂದುಕೊಂಡರು. ಅವಳು ಲಾಳಿ ಕೈಗೆ ತಗೊಂಡಳು.

“ನಿಂತ್ಕೊ,” ಅಂದಳು ಕೆಂಪನಂಜಪ್ಪನಿಗೆ. “ಒಂದು ಗೇಣು ಅದೆ. ಮುಗಿಯೋಗಂಟ ಅಲ್ಲಾಡಬ್ಯಾಡ.”

ಅವನು ನಿಂತ. ಬಾಗಿಲಲ್ಲಿ ಹೊನ್ನಯ್ಯ ನಿಂತಿದ್ದ, ಅವನ ಹಿಂದೆ ಬೀದಿ ಸೇರುತ್ತಿತ್ತು. ಹೋಗಲು ದಾರಿಯೂ ಇರಲಿಲ್ಲ. ಗೋಡೆಯ ನೆರಳು ಮಗ್ಗದ ಮೇಲೆ ಬರುವ ಹೊತ್ತಿಗೆ ಕೊನೆಯ ಏಟು ಬಿತ್ತು. ದೇವೀರಮ್ಮ ಸೀರೆ ಇಳಿಸಿ, ಮಡಿಸಿ, ಭಾಗ್ಯಮ್ಮನ ಕೈಗೆ ಕೊಟ್ಟಳು. ಕೈಯೂರಿ ಗುಂಡಿಯಿಂದ ಎದ್ದಳು.

“ನಿಂಗಯ್ಯ, ತಮಟೆ ಎತ್ಕೋ. ಸಂಕ್ರಾಂತಿ ಆದ್ಮೇಲೆ ನಮ್ ಬೀದೀಲಿ ಏಳು ಜನ ಸತ್ತವ್ರೆ. ಪ್ರತಿ ಬಾಗ್ಲಲ್ಲೂ ಈ ಸೂಜಿ ಕಾಗ್ದ ಸಾರ್ಬೇಕು. ನೀನಲ್ಲ, ಇಂವ. ಭಾಗ್ಯ ಕನ್ನಡದಲ್ಲಿ ಯೋಳ್ಕೊಡ್ತಾಳೆ.”

“ಅಮ್ಮ, ನನ್ನ ಕೆಲಸ ಹೋಗುತ್ತೆ,” ಅಂದ ಕೆಂಪನಂಜಪ್ಪ. ದನಿಯಲ್ಲಿ ಕಚೇರಿ ಇರಲಿಲ್ಲ.

“ನನ್ ಮಗನೇ ಓಗ್ಬುಟ್ಟ,” ಅಂದಳು ದೇವೀರಮ್ಮ. “ನಡಿ.”

ಹೊನ್ನಯ್ಯನ ಬಾಗಿಲಿಂದ ಶುರುವಾಯಿತು. ತಮಟೆ, ಆಮೇಲೆ ಅವನ ದನಿ. ಎರಡನೆಯ ಮನೆಯಲ್ಲಿ ಒಬ್ಬ ತಾಯಿ ಕೇಳುತ್ತ ಕೇಳುತ್ತ ಹೊಸಿಲ ಮೇಲೆ ಕುಸಿದಳು. ಐದನೆಯ ಮನೆಯಲ್ಲಿ ಗಂಡಸೊಬ್ಬ ಕಲ್ಲು ಎತ್ತಿಕೊಂಡ. ದೇವೀರಮ್ಮ ಅವನ ಕೈ ಹಿಡಿದು, “ಇನ್ನೂ ಆರು ಮನೆ ಅದೆ ತಡಿಯಪ್ಪ,” ಅಂದಳು. ಎಂಟನೆಯ ಮನೆಗೆ ಬರುವಷ್ಟರಲ್ಲಿ ಕೆಂಪನಂಜಪ್ಪನಿಗೆ ಕಾಗದ ನೋಡದೆಯೇ ಬಾಯಿಗೆ ಬರುತ್ತಿತ್ತು.

ಹನ್ನೊಂದನೆಯದು ಅವಳ ಬಾಗಿಲು. ದೇವೀರಮ್ಮ ಒಳಗೆ ಹೋಗಿ ಹೊಸಿಲ ಒಳಬದಿಗೆ, ಭಾಗ್ಯಮ್ಮನ ಪಕ್ಕ ನಿಂತಳು, ಮೊದಲ ಸಲ ಕೇಳುವವಳ ಹಾಗೆ.

“ಇಲ್ಲೂ ಬೇಕಾ ಅಮ್ಮ? ನಿಮಗೆ ಗೊತ್ತಲ್ಲ.”

“ಸಾರು.”

ನಿಂಗಯ್ಯ ತಮಟೆ ಬಡಿದ. ಕೆಂಪನಂಜಪ್ಪ ತಲೆ ತಗ್ಗಿಸಿ, ಒಂದೇ ಉಸಿರಿಗೆ, ಡಾಕ್ಟರು ಬಂದದ್ದು, ಛತ್ರ, ಸೂಜಿ, ಪುಕ್ಕಟೆ ಎಲ್ಲ ಹೇಳಿ ಮುಗಿಸಿ ಹೊರಡಲು ತಿರುಗಿದ.

“ಯಾವತ್ತು ಅಂತ ಯೋಳೋದ ಬುಟ್ಟೆ,” ಅಂದಳು ದೇವೀರಮ್ಮ. “ಮೊದ್ಲಿಂದ ಸಾರು.”