ಬಾಗಿಲಿನ ಬಜರ್

ಠಾಣಾ ಕುಶನೂರಿನ ಪ್ರಣಿತಾಳಿಗೆ ತಂತಿ, ಬಲ್ಬು ಜೋಡಿಸುವ ಹುಚ್ಚು ಶಾಲೆಯ ದಿನಗಳಿಂದಲೂ ಇತ್ತು. ಈಗ ಆ ಹುಚ್ಚೇ ತಾಯಿಯ ಜೀವ ಕಾಯಬೇಕಾಗಿತ್ತು. ಜಿಜಾಬಾಯಿಗೆ ಮರೆವು ಹಿಡಿದಿತ್ತು. ಗಂಡ ಮಾಣಿಕ ಹೊಲದ ಬಾವಿಗೆ ಬಿದ್ದು ತೀರಿಹೋದದ್ದೂ ನೆನಪಿಲ್ಲ. ಮುಚ್ಚಂಜೆಯಾದರೆ ಸಾಕು, ಅವನನ್ನು ಕರೆತರುತ್ತೇನೆಂದು ಹೊರಟುಬಿಡುವಳು. ಮೊನ್ನೆಯಂತೂ ಬಾವಿಯ ದಂಡೆಯ ಮೇಲೆಯೇ ಸಿಕ್ಕಿದ್ದಳು.

ಬಾಗಿಲು ತೆರೆದರೆ ಒದರುವ ಬಜರ್ ಮಾಡೋಣವೆಂದು ಪ್ರಣಿತಾ ಹೊರಟಳು. ಬೇಕಿದ್ದುದು ಏನು ಮಹಾ? ಒಂಬತ್ತು ವೋಲ್ಟಿನ ಬ್ಯಾಟರಿ, ಬಜರ್, ಬಾಗಿಲು ಚೌಕಟ್ಟಿನಿಂದ ಸರಿದೊಡನೆ ಬಜರ್ ಒದರಿಸುವ ಒಂದು ಮ್ಯಾಗ್ನೆಟ್ ಸ್ವಿಚ್. ಬ್ಯಾಟರಿ ಔರಾದಿನಲ್ಲಿ ಸಿಕ್ಕಿತು, ಬಜರ್ ಭಾಲ್ಕಿಯಲ್ಲಿ. ಸ್ವಿಚ್ ಕೇಳಿದರೆ ಮಾತ್ರ ಮೊಬೈಲ್ ಅಂಗಡಿಯ ಮಹಾಶಯರು ಚಾರ್ಜರ್ ತೋರಿಸಿದರು! ಚಪ್ಪಲಿ ಸವೆಸಿ, ಕೊನೆಗೆ ಬೀದರಿನ ಗಲ್ಲಿಯೊಂದರಲ್ಲಿ ಹಳೇ ರೇಡಿಯೊ ರಿಪೇರಿ ಮಾಡುವ ಖಾಸಿಂ ಅಲಿಯ ತಗಡಿನ ಡಬ್ಬಿಯಲ್ಲಿ ಅದು ಸಿಕ್ಕಿತು.

“ಯಾವ್ದೋ ಹಳೇ ಮನಿ ಬಾಗ್ಲದ್ದು ಅದ ಬೇಟಿ. ಛಲೋ ಅದ. ಖರೆ ಒಂದ್ ಮಾತು, ಹೋಗೋರಿಗೂ ಒದರ್ತದ, ಬರೋರಿಗೂ ಒದರ್ತದ.”

“ಬರೋರು ಯಾರದಾರ್ರಿ ಚಾಚಾ? ಮನ್ಯಾಗ ನಾವಿಬ್ರೇ ಇರ್ತೇವ್ರಿ,” ಎಂದು ಪ್ರಣಿತಾ ನಕ್ಕಳು. ಖಾಸಿಂ ಅಲಿ ನಗಲಿಲ್ಲ.

ಅಂದೇ ಸಂಜೆ ಎಲ್ಲವನ್ನೂ ಬಾಗಿಲಿಗೆ ಕೂಡಿಸಿದಳು. ಒಳಗೆ ಚಹಾಕ್ಕೆ ನೀರಿಟ್ಟಿದ್ದಾಳೋ ಇಲ್ಲವೋ, ಬಜರ್ ಒದರಿತು. “ಅವ್ವಾ!” ಎಂದು ಓಡಿಬಂದಳು. ಬಾಗಿಲು ಹಾರುಹೊಡೆದಿತ್ತು. ಜಿಜಾಬಾಯಿ ಮಾತ್ರ ಹೊರಸಿನ ಮೇಲೆಯೇ ಇದ್ದಳು, ಅತ್ತ ಸರಿದು ಇನ್ನೊಬ್ಬರಿಗೆ ಜಾಗ ಮಾಡಿ ಕೂತಿದ್ದಳು.

“ನಿಮ್ಮಪ್ಪ ಬಂದಾರ. ಚಾ ಕೊಡು.”

ಪ್ರಣಿತಾ ಹೊರಗೆ ಇಣುಕಿದಳು. ಗಾಳಿ ಇರಬೇಕು ಎಂದುಕೊಂಡಳು. ಎಲ್ಲಿಯ ಗಾಳಿ? ಅಂಗಳದ ಬೇವಿನ ಒಂದೆಲೆಯೂ ಅಲುಗುತ್ತಿರಲಿಲ್ಲ. ಬಾಗಿಲು ಹಾಕಿ ಅಗಳಿ ಜಡಿದಳು. ಬಜರ್ ಸುಮ್ಮನಾಯಿತು.

“ಅವ್ವಾ, ಇನ್ನ ಹುಡುಕ್ಲಾಕ ಹೊರಗ ಹೋಗ್ಬ್ಯಾಡ, ನಿನ್ನ ಕಾಲು ಬೀಳ್ತೇನಿ.”

“ನಾ ಯಾಕ ಹುಡುಕ್ಲಿ? ಕರ್ಕೊಂಡು ಹೋಗ್ಲಾಕ ಅವ್ರೇ ಬಂದಾರಲ್ಲ.”

ಪ್ರಣಿತಾ ಬಾಗಿಲಿಗೆ ಬೆನ್ನೊತ್ತಿ ನಿಂತಳು. ಯಾರು ಬಂದರೂ ಅವ್ವನನ್ನು ಬಿಟ್ಟುಕೊಡೆನು ಎಂಬ ಹಟ. ಅಗಳಿ ಬೆನ್ನಿಗೆ ಚುಚ್ಚುತ್ತಿತ್ತು. ಬಾಗಿಲು ಕೂದಲೆಳೆಯಷ್ಟೂ ಕದಲಲಿಲ್ಲ.

ಆದರೂ ಬಜರ್ ಇನ್ನೊಮ್ಮೆ ಒದರಿತು.

ಹೊರಸಿನ ಮೇಲೆ ಜಿಜಾಬಾಯಿ ಗೋಡೆಗೆ ಒರಗಿದ್ದಳು. ಕಣ್ಣು ತೆರೆದೇ ಇದ್ದವು, ಉಸಿರಿರಲಿಲ್ಲ. ಮಗಳು ಬಾಗಿಲಿಗೆ ಬೆನ್ನೊತ್ತಿಯೇ ನಿಂತಿದ್ದಳು. ಯಾರನ್ನು ತಡೆಯಬೇಕಿತ್ತೋ ಅವಳು ಹೋಗಿಯೇಬಿಟ್ಟಿದ್ದಳು.